ಸಾಕು ಅನ್ನುವ ಕೆಲಸ

ಒಂದು ಕಾಲದಲ್ಲಿ ನನಗೆ ‘ಸಾಕು’ ಅನ್ನುವುದೇ ಉದ್ಯೋಗವಾಗಿತ್ತು ಎಂದರೆ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತವೆ. ನಗಲಿ ಬಿಡಿ. ಬರಿ ಒಲೆಗಳನ್ನು ಕಣ್ಣಾರೆ ಕಂಡವರು ಈಗ ಉಳಿದಿರುವುದೇ ನಾಲ್ಕಾರು ಮಂದಿ, ಅವರಲ್ಲೂ ಅರ್ಧ ಜನಕ್ಕೆ ಮರೆವು. ಹೊಳೆಯ ಆಚೆ ದಡದಲ್ಲಿ, ಕೊಟ್ರವ್ವನ ಮಂಡಕ್ಕಿ ಭಟ್ಟಿಯಲ್ಲಿ, ಮೂರು ಚಳಿಗಾಲ ನಾನು ಆ ಕೆಲಸ ಮಾಡಿದೆ. ಹೊಟ್ಟೆ ತುಂಬ ಉಣ್ಣಬೇಕು, ಮಾಳಿಗೆ ಹತ್ತಿ ನಮ್ಮ ದಡದ ಕಡೆ ಒಂದು ಕಣ್ಣಿಟ್ಟಿರಬೇಕು, ಹೊತ್ತಿಗೆ ಸರಿಯಾಗಿ ಒಂದು ಮಾತು ಅನ್ನಬೇಕು. ಅಷ್ಟೇ ತಾನೆ ಅಂದುಕೊಂಡೇ ನಾನು ದೋಣಿ ಹತ್ತಿದ್ದು.

ಬರಿ ಒಲೆ ಎಂದರೆ ಬರಿಯ ಒಲೆಯೇ. ಸೌದೆ ಬೇಡ, ಕುಳ್ಳು ಬೇಡ, ಹೊಟ್ಟು ಬೇಡ. ಮುಚ್ಚಳ ಸರಿಸಿ ಒಂದು ಸಲ ಉಫ್ ಎಂದು ಊದಿದರೆ ಉರಿ ಏಳುತ್ತಿತ್ತು, ಮುಚ್ಚಳ ಹಾಕಿದರೆ ಆರುತ್ತಿತ್ತು. ಹೊಗೆ ಇಲ್ಲ, ಬೂದಿ ಇಲ್ಲ. ಮೊದಲು ಯಾರ ಮನೆಯಲ್ಲಿ ಹುಟ್ಟಿತು ಎಂದು ಕೇಳಿದರೆ ಹೊಳೆದಂಡೆಯ ಐದೂರಿನವರೂ ಐದು ಕಥೆ ಹೇಳುತ್ತಿದ್ದರು. ಎಲ್ಲ ಕಥೆಯಲ್ಲೂ ಹೇಳುವವರ ಅಜ್ಜನೇ ಜಾಣ. ನಮ್ಮತ್ತೆಗೆ ಹೊಗೆ ಕುಡಿದು ಕುಡಿದು ಅರ್ಧ ಕಣ್ಣು ಹೋಗಿತ್ತು. ಬರಿ ಒಲೆ ಮನೆಗೆ ಬಂದ ಮೊದಲ ದಿನ ಅದರ ಮುಂದೆ ಕೂತು ಹತ್ತು ರೊಟ್ಟಿ ಸುಟ್ಟು, ಹನ್ನೊಂದನೆಯದನ್ನು ಕೈಯಲ್ಲೇ ಹಿಡಿದು ಗೊಳೋ ಎಂದು ಅತ್ತಳು. ಯಾಕತ್ತೀ ಎಂದರೆ, "ಒಲಿ ಮುಂದ ಹೊಗಿ ಇಲ್ದ ಅಳಾದು ಹೆಂಗಿರತೈತಿ ಅಂತ ನೋಡಿದ್ನೆವಾ" ಅಂದಳು. ಇಂಥ ಒಲೆಯನ್ನು ಯಾರು ತಾನೆ ಕೆಟ್ಟದ್ದು ಅಂದಾರು?

ಬಿಸಿ ಎಲ್ಲಿಂದ ಬರುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಜನ ನಾವು. ಆಮೇಲೆ ಒಂದು ಮಾಗಿಯಲ್ಲಿ ನಮ್ಮ ದೋಣಿಕೇರಿಯಲ್ಲಿ ಹೆಪ್ಪು ಹಾಕಿದ ಹಾಲು ಮೊಸರಾಗುವುದು ನಿಂತಿತು. ಕರುಗಳು ಕಟ್ಟಿದಲ್ಲೇ ಸೆಟೆದವು. ಇಬ್ಬರು ಮುದುಕರು ಬೆಳಗ್ಗೆ ಏಳಲಿಲ್ಲ. ಪಕ್ಕದ ಕೇರಿಯಲ್ಲಿ ಹೂಬಿಸಿಲು, ನಮ್ಮ ಕೇರಿಯಲ್ಲಿ ಬಾಯಿ ತೆರೆದರೆ ಆವಿ. ಆಚೆ ದಡದ ಕೊಟ್ರವ್ವನ ಭಟ್ಟಿ ಉರಿದಾಗಲೆಲ್ಲ ನಮ್ಮ ಕೇರಿ ತಣ್ಣಗಾಗುತ್ತದೆ ಎಂದು ಪತ್ತೆಯಾಗಲು ಮತ್ತೆರಡು ಚಳಿಗಾಲ ಹಿಡಿಯಿತು. ನಮ್ಮವರು ಕೋಲು ಹಿಡಿದು ದೋಣಿ ಹತ್ತುವಷ್ಟರಲ್ಲಿ ಕೆಳಗಿನೂರಿನವರು ಕೋಲು ಹಿಡಿದು ನಮ್ಮ ದಡಕ್ಕೇ ಬಂದಿಳಿದಿದ್ದರು. ನಮ್ಮೂರ ಸುಣ್ಣದ ಭಟ್ಟಿ ಅವರ ನೇಕಾರ ಕೇರಿಯ ಬಿಸಿ ಹೀರುತ್ತಿತ್ತಂತೆ. ಎಲ್ಲರ ಮನೆ ದೋಸೆಯೂ ತೂತೇ.

ಐದೂರಿನ ಹಿರಿಯರು ಹೊಳೆಯ ನಡುಗಡ್ಡೆಯಲ್ಲಿ ಸೇರಿದರು. ಅದು ಯಾವ ಊರಿಗೂ ಸೇರದ ಮರಳುದಿಬ್ಬ, ಅದಕ್ಕೇ ಅಲ್ಲಿ. ಒಲೆಗಳನ್ನೆಲ್ಲ ಒಡೆದುಹಾಕಿ ಎಂದು ಒಬ್ಬರು. ಮೊದಲು ನೀವು ಒಡೆಯಿರಿ, ಆಮೇಲೆ ನಾವು ಎಂದು ಇನ್ನೊಬ್ಬರು. ಈ ‘ಮೊದಲು ನೀವು’ ಅನ್ನುವ ಮರ್ಯಾದೆಯಲ್ಲೇ ಒಂದು ವರ್ಷ ಕಳೆಯಿತು. ದಂಡ ಹಾಕಿದರು, ಉಳ್ಳವರು ದಂಡ ಎಸೆದು ಉರಿಸಿದರು. ಒಲೆಯ ಮುಚ್ಚಳಕ್ಕೆ ಅರಗಿನ ಮುದ್ರೆ ಒತ್ತಿದರು. ಅರಗು ಬಿಸಿಗೆ ಕರಗುತ್ತದೆ ಎಂದು ಆ ಐದೂರಿನ ಬುದ್ಧಿವಂತರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ ನೋಡಿ! ಕಡೆಗೆ ಯಾರ ಬಾಯಲ್ಲಿ ಬಂತೋ, ಒಂದು ಕಟ್ಟಳೆ ಆಯಿತು. ಯಾವ ಒಲೆ ಯಾವ ಕೇರಿಯ ಬಿಸಿ ಎಳೆಯುತ್ತದೋ, ಆ ಕೇರಿಯವರೊಬ್ಬರು ಆ ಒಲೆಯ ಮನೆಯಲ್ಲಿ ನೆಂಟರಾಗಿ ಇರಬೇಕು. ಅವರು ‘ಸಾಕು’ ಅಂದ ಕೂಡಲೇ ಮನೆಯವರು ಒಲೆ ಮುಚ್ಚಬೇಕು. ನೆಂಟರು ಮಾತ್ರ ಒಲೆಯನ್ನು ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಒಡೆದಾರು ಅನ್ನುವ ಭಯ. ಬಾಯಿಗೆ ಬಂದ ಹಾಗೆ ಸಾಕು ಅನ್ನುವ ಹಾಗೂ ಇಲ್ಲ. ಚಳಿ ತಡೆಯಲಾರದಷ್ಟಾದಾಗ ಅವರ ಕೇರಿಯ ಕಂಬದ ಮೇಲೆ ಕರಿಕಂಬಳಿ ಏರುತ್ತದೆ, ಅದನ್ನು ನೋಡಿ ಅನ್ನಬೇಕು. ಚಳಿಗಾಲದಲ್ಲಿ ನೆಂಟರು ಮನೆಯಲ್ಲಿ ಇಲ್ಲದಾಗ ಒಲೆ ಹೊತ್ತಿಸಬಾರದು. ಮತ್ತೆ, ನೆಂಟರಾಗಿ ಹೋಗುವವರಿಗೆ ಊರಲ್ಲಿ ಚಿಕ್ಕ ಮಗು ಇರಬೇಕು. ಇದನ್ನು ಹಾಕಿದವರು ಯಾರೋ, ಅವರಿಗೆ ಮನುಷ್ಯರ ಕರುಳು ಎಲ್ಲಿರುತ್ತದೆ ಎಂದು ಗೊತ್ತಿತ್ತು.

ಹೀಗೆ ನಮ್ಮ ಕೇರಿಯಿಂದ ನಾನು ಹೊರಟೆ. ಮಗಳು ಮಾಳಿ ಆಗ ಇನ್ನೂ ಮೊಲೆ ಬಿಟ್ಟು ವರ್ಷವಾಗಿರಲಿಲ್ಲ. ಅವಳನ್ನು ಅತ್ತೆಯ ಸೊಂಟಕ್ಕೆ ದಾಟಿಸಿ ಬಂದೆ. ನಮ್ಮ ಮನೆಯವರದು ದೋಣಿ ನಡೆಸುವ ಕೆಲಸ, ದಿನ ಬಿಟ್ಟು ದಿನ ಆಚೆ ದಡಕ್ಕೆ ಬರುತ್ತಿದ್ದರು, ಮಗಳ ಸುದ್ದಿ ಹೇಳುತ್ತಿದ್ದರು. ಆದರೆ ಚಳಿಯ ತಿಂಗಳುಗಳಲ್ಲಿ ನಾನು ಜಾಗ ಬಿಟ್ಟು ಕದಲುವಂತಿರಲಿಲ್ಲ. ಬೇಸಿಗೆ ಬಂತೆಂದರೆ ಮನೆಗೆ ಹೋಗುತ್ತಿದ್ದೆ. ಬೇಸಿಗೆಯಲ್ಲಿ ಕೊಟ್ರವ್ವನ ಭಟ್ಟಿ ಎಷ್ಟು ಉರಿದರೂ ನಮ್ಮ ಕೇರಿಯವರು ಹೊರಗೆ ಚಾಪೆ ಹಾಸಿಕೊಂಡು, "ಆಕಿ ಹೊಟ್ಟಿ ತಣ್ಣಗಿರ್ಲಿ" ಎಂದು ಹರಸುತ್ತಿದ್ದರು. ಅದೇ ಬಾಯಲ್ಲಿ ಮಾಗಿಯಲ್ಲಿ ಬೈಗುಳ. ಜನ ಅಂದರೆ ಹೀಗೇ.

ಕೊಟ್ರವ್ವ ಗಂಡ ಸತ್ತ ಮೇಲೆ ಒಬ್ಬಳೇ ಭಟ್ಟಿ ನಡೆಸಿ ಮಗ ಬಕ್ಕಪ್ಪನನ್ನು ಬೆಳೆಸಿದವಳು. ಆನೆಯಂಥ ಹೆಂಗಸು, ಮಾತು ಜೋರು, ಕೈ ಧಾರಾಳ. ನಾನು ಮನಸ್ಸಿನಲ್ಲಿ ಜಗಳಕ್ಕೆ ತಯಾರಾಗಿಯೇ ಅವಳ ಹೊಸ್ತಿಲು ದಾಟಿದ್ದೆ. ಅವಳು ನನ್ನ ಗಂಟನ್ನು ಕಿತ್ತುಕೊಂಡು ಮೂಲೆಗಿಟ್ಟು, "ಕುಂದ್ರವಾ ಹೊನ್ನೂರಿ, ಮೊದ್ಲು ಉಣ್ಣು. ಜಗಳ ಎಲ್ಲಿಗೆ ಓಡಿ ಹೋಗತೈತಿ?" ಅಂದಳು. ರೊಟ್ಟಿ, ಎಣ್ಣೆಗಾಯಿ, ಮೇಲೊಂದು ಮುದ್ದೆ ಬೆಣ್ಣೆ. ಎರಡನೇ ರೊಟ್ಟಿಗೆ ಸಾಕು ಅಂದೆ, ಹಾಕಿದಳು. ಸಾಕ್ರೀ ಅಂದೆ, ಮತ್ತೊಂದು ಹಾಕಿದಳು. "ಕೋಳಿ ಕೆದರಿದಂಗ ಉಣ್ತಿಯಲ್ಲ, ನಿಮ್ಮೂರಾಗ ಜ್ವಾಳ ಬೆಳೆಯಂಗಿಲ್ಲೇನು?" ಸಿಟ್ಟು ಬಂದು, ಸಾಕು ಅಂದ್ನೆಲ್ರೀ ಎಂದು ಮೂರನೇ ಸಲ ಗದರಿದ ಮೇಲೆ ಕೈ ನಿಲ್ಲಿಸಿದಳು. ನಿಲ್ಲಿಸಿ ನಕ್ಕಳು. "ನಮ್ಮೂರಾಗ ಮೊದ್ಲ ಸಾಕು ಅಂದ್ರ ನಾಚಿಕಿ. ಎರಡ್ನೇದು ಮರ್ಯಾದಿ. ಮೂರನೇದು ಅಂದ್ರ ಹೌದಪಾ, ಹೊಟ್ಟಿ ತುಂಬೇತಿ ಅಂತ. ಒಂದ ಸಾಕಿಗೆ ಸೌಟು ಎತ್ತಿದ್ರ ಅದು ಮನಿ ಅಲ್ಲವಾ, ಛತ್ರ."

ನಮ್ಮ ದಡದಲ್ಲಿ ಹಾಗಲ್ಲ. ಸಾಕು ಅಂದರೆ ಸಾಕು. ಬಡಿಸುವವರು ಮುಂದಿನ ಎಲೆಗೆ ಹೋಗಿರುತ್ತಾರೆ. ಹೊಳೆ ಒಂದೇ, ನೀರು ಒಂದೇ, ದಡ ಬೇರೆ ಅಷ್ಟೇ, ಆದರೆ ಉಣ್ಣುವ ರೀತಿ ನೋಡಿ.

ಮೊದಲ ಸಲ ಕರಿಕಂಬಳಿ ಏರಿದ್ದನ್ನು ಮಾಳಿಗೆಯಿಂದ ಕಂಡು ದಡದಡ ಇಳಿದು ಬಂದೆ. ಭಟ್ಟಿಯ ದೊಡ್ಡ ಬಾಣಲೆಯಲ್ಲಿ ಮರಳು ಕೆಂಪಗೆ ಕಾದಿತ್ತು, ಕೊಟ್ರವ್ವ ಅಕ್ಕಿ ಸುರಿಯುತ್ತಿದ್ದಳು. "ಸಾಕು ಕೊಟ್ರಕ್ಕ" ಅಂದೆ. ಅವಳು ನನ್ನತ್ತ ತಿರುಗಿ ಎಷ್ಟು ಪ್ರೀತಿಯಿಂದ ನಕ್ಕಳೆಂದರೆ! "ಆತವಾ ನನ್ನವ್ವ, ಇನ್ನೊಂದು ಬಾಣ್ಲಿ." ಸಾಕು ಅಂತ ಅಂದ್ನೆಲ್ಲ ಅಂದೆ. "ಇದೊಂದು ಇಳಿಸಿಬಿಡ್ತೀನಿ, ಮರಳು ಕಾದೇತಿ." ಮೂರನೇ ಸಾಕಿಗೆ ಮುಚ್ಚಳ ಬಿತ್ತು. ಅಷ್ಟರಲ್ಲಿ ಎರಡು ಬಾಣಲೆ ಮಂಡಕ್ಕಿ ಇಳಿದಿತ್ತು. ಅವಳ ಮುಖದಲ್ಲಿ ಕಪಟ ಹುಡುಕಿದೆ, ಇರಲಿಲ್ಲ. ನೆಂಟಳು ಒಂದೇ ಮಾತಿಗೆ ಒಲೆ ಆರಿಸಿಬಿಡಿ ಎಂದು ಕೇಳುತ್ತಾಳೆ ಅನ್ನುವುದು ಆ ಪುಣ್ಯಾತ್ಗಿತ್ತಿಯ ತಲೆಗೇ ಹೋಗಲಿಲ್ಲ. ಸಂಕೋಚಕ್ಕೆ ಅಂತಿದಾಳೆ, ಪಾಪ, ಅಂದುಕೊಂಡಿದ್ದಳು.

ಆ ಊರಿನ ಅಷ್ಟೂ ಒಲೆಯ ಮನೆಗಳಲ್ಲಿ ಅದೇ ಕಥೆ. ಮುಂದಿನ ನಡುಗಡ್ಡೆ ಸಭೆಯಲ್ಲಿ ದೊಡ್ಡ ರಂಪ. ಈ ಊರಿನವರು ಮಾತಿಗೆ ತಪ್ಪಿದ ಕಳ್ಳರು, ಇವರ ಒಲೆಗಳನ್ನು ಸುತ್ತಿಗೆ ತಂದು ನಾವೇ ಒಡೆಯುತ್ತೇವೆ ಎಂದು ಉಳಿದ ನಾಲ್ಕೂರಿನವರು ಎದ್ದರು. ಆ ಊರಿನ ಹಿರಿಯರಿಗೆ ತಾವೇನು ತಪ್ಪು ಮಾಡಿದೆವು ಎಂದೇ ತಿಳಿದಿರಲಿಲ್ಲ. ಹೆಂಗಸರು ಮಾತಾಡುವ ಜಾಗವಲ್ಲದಿದ್ದರೂ ನಾನು ಎದ್ದು ನಿಂತು, "ಕಳ್ಳತನ ಅಲ್ರಪಾ ಇದು, ಉಪಚಾರ" ಎಂದು ರೊಟ್ಟಿಯ ಕಥೆಯಿಂದ ಶುರುಮಾಡಿ ಎಲ್ಲ ಹೇಳಿದೆ. ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ನಡುಗಡ್ಡೆ ಹೊಟ್ಟೆ ಹಿಡಿದು ನಕ್ಕಿತು. ನಕ್ಕ ಮೇಲೆ ಸುತ್ತಿಗೆ ಎತ್ತುವುದು ಕಷ್ಟ. ಇನ್ನು ಮುಂದೆ ಒಲೆಗೆ ಮೊದಲ ಸಾಕೇ ಕಡೆಯ ಸಾಕು ಎಂದು ಕಟ್ಟಳೆ ತಿದ್ದಿದರು.

ತಿದ್ದಿದ್ದು ಸುಲಭ, ರೂಢಿ ಬಿಡುವುದು ಸುಲಭವೇ? ಕೊಟ್ರವ್ವ ಮನೆಗೆ ಬಂದು ಬಾಯಿಪಾಠ ಮಾಡಿದಳು: "ಎಲಿಗೆ ಮೂರು, ಒಲಿಗೆ ಒಂದು. ಎಲಿಗೆ ಮೂರು, ಒಲಿಗೆ ಒಂದು." ಆದರೂ ಪ್ರತಿ ಸಲ ನಾನು ಸಾಕು ಅಂದಾಗ ಅವಳ ಬಾಯಿ ‘ಇನ್ನೊಂದು’ ಎಂದು ತೆರೆಯುತ್ತಿತ್ತು, ತಾನೇ ತುಟಿ ಕಚ್ಚಿಕೊಂಡು ಮುಚ್ಚಳ ಎಳೆಯುತ್ತಿದ್ದಳು, ಆಮೇಲೆ ಅರ್ಧ ದಿನ ಮುಖ ಸಣ್ಣದು ಮಾಡಿಕೊಂಡು ಕೂರುತ್ತಿದ್ದಳು, ನೆಂಟರಿಗೆ ಏನೋ ಅಪಚಾರ ಮಾಡಿದವಳ ಹಾಗೆ. ಬೀದಿಯಲ್ಲಿ ಬೇರೆ ಮನೆಯ ನೆಂಟರೂ ಇದನ್ನೇ ಹೇಳುತ್ತಿದ್ದರು. ಒಬ್ಬ ಮುದುಕನಂತೂ ನನ್ನ ಮೇಲೆಯೇ ರೇಗಿದ: ಒಲೆಗೆ ಒಂದೇ ಸಾಕು ಎಂದು ಮಾಡಿದಿರಿ, ಈಗ ನಮ್ಮನೆಯವರು ಎಲೆಗೂ ಒಂದಕ್ಕೇ ನಿಲ್ಲಿಸುತ್ತಿದ್ದಾರೆ, ಅರೆಹೊಟ್ಟೆಯಲ್ಲಿ ಏಳುತ್ತಿದ್ದೇನೆ ಎಂದು.

ಏನು ದಿನಗಳವು! ಸಂಜೆ ಭಟ್ಟಿ ಆರಿದ ಮೇಲೆ ಬೆಚ್ಚಗಿನ ಮರಳಿನ ಪಕ್ಕ ಕಾಲು ಚಾಚಿ ಕೂರುತ್ತಿದ್ದೆವು. ಕೊಟ್ರವ್ವ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸು, ಹುರಿಗಡಲೆ ಪುಡಿ ಹಾಕಿ ಕಲಸಿ ನಡುವೆ ಮೊರದಲ್ಲಿ ಇಡುತ್ತಿದ್ದಳು. ನನ್ನ ತಲೆ ಬಾಚುತ್ತಿದ್ದಳು, ಬಾಚುತ್ತಾ ನನ್ನ ಗಂಡನ ದೋಣಿಯನ್ನು, ನನ್ನ ಊರನ್ನು, ನನ್ನ ಮೂಗನ್ನು ಆಡಿಕೊಳ್ಳುತ್ತಿದ್ದಳು. ನಮ್ಮ ಕೂಸಿಗೆಂದು ಒಂದು ಚೀಲ ಮಂಡಕ್ಕಿ ತೆಗೆದಿಟ್ಟು ದೋಣಿಗೆ ಕೊಟ್ಟು ಕಳಿಸುತ್ತಿದ್ದಳು. ನನ್ನ ಮಗಳಿಂದ ಎಳೆದ ಬಿಸಿಯಲ್ಲಿ ಹುರಿದ ಮಂಡಕ್ಕಿ ನನ್ನ ಮಗಳಿಗೇ ಹೋಗುತ್ತಿತ್ತು ಎನ್ನುವುದು ನನಗೆ ಆಗ ತಮಾಷೆಯಾಗಿಯೂ ಕಾಣಲಿಲ್ಲ, ದುಃಖವಾಗಿಯೂ ಕಾಣಲಿಲ್ಲ. ಪ್ರೀತಿ ಅಂತ ಮಾತ್ರ ಕಂಡಿತ್ತು. ಈಗಲೂ ಎಲ್ಲಾದರೂ ಕಾದ ಮರಳಿನಲ್ಲಿ ಅಕ್ಕಿ ಅರಳುವ ವಾಸನೆ ಬಂದರೆ ಕಾಲು ತಾನಾಗಿ ನಿಲ್ಲುತ್ತದೆ, ಕಣ್ಣು ತುಂಬುತ್ತದೆ.

ಮೂರನೇ ಚಳಿಗಾಲದಲ್ಲಿ ಬಕ್ಕಪ್ಪನಿಗೆ ಹೆಣ್ಣು ಗೊತ್ತಾಯಿತು. ಬೀಗರು ಮೇಲೂರಿನ ದೊಡ್ಡ ಮನೆತನದವರು. ನಿಶ್ಚಯದ ದಿನ ನಲವತ್ತು ಜನ ಬರುತ್ತಾರೆ ಎಂದು ಕೊಟ್ರವ್ವ ಭಟ್ಟಿಯ ಬಾಣಲೆ ಇಳಿಸಿ, ದೊಡ್ಡ ಹಂಚು ಏರಿಸಿ ಹೋಳಿಗೆಗೆ ಅಣಿ ಮಾಡಿದ್ದಳು. ಅರಿಶಿನ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದಳು, ಅವಳ ಮದುವೆಯದು, ಊರಿಗೆಲ್ಲ ಗುರುತಿನ ಸೀರೆ. ಅವತ್ತೇ ಬೆಳಗ್ಗೆ ನಮ್ಮ ಮನೆಯವರು ದೋಣಿ ಕಟ್ಟಿ ಓಡಿಬಂದರು. "ಮಗಳಿಗೆ ಎದಿ ಕಟ್ಟೇತಿ. ಉಸಿರು ಗೊರಗೊರ ಅಂತೈತಿ. ಪಂಡಿತರು ಬಂದಿದ್ರು, ಕೂಸಿನ್ನ ಬೆಚ್ಚಗ ಇಡ್ರಿ, ಇನ್ನ ಚಳಿ ತಡಿಯಂಗಿಲ್ಲ ಅಂದ್ರು. ಎಲ್ಲಿಂದ ತರಾನ ಬೆಚ್ಚಗ?"

ಕಂಬಳಿ ಏರದೆ ಸಾಕು ಅನ್ನುವಂತಿಲ್ಲ. ಒಬ್ಬಳ ಮಗಳಿಗೆಂದು ಕಟ್ಟಳೆ ಮುರಿದರೆ ನಾಳೆ ಎಲ್ಲರೂ ಮುರಿಯುತ್ತಾರೆ. ನಡುಗಡ್ಡೆಯಲ್ಲಿ ದೊಡ್ಡ ಬಾಯಿ ಮಾಡಿ ಆ ಕಟ್ಟಳೆ ತಿದ್ದಿಸಿದವಳು ನಾನೇ. ಕೊಟ್ರವ್ವನಿಗೆ ಹೇಳಿದೆ. ಅವಳು ಕಣ್ಣಲ್ಲಿ ನೀರು ತಂದುಕೊಂಡು ನನ್ನ ಗಲ್ಲ ಹಿಡಿದಳು. "ಬೀಗರು ಉಂಡು ಏಳ್ಲಿ ನನ್ನವ್ವ, ನಾನ ಒಲಿ ಮುಚ್ಚಿ ನಿನ್ನ ದೋಣಿ ಹತ್ತಸ್ತೀನಿ." ನಾನು ಮಾಳಿಗೆ ಹತ್ತಿ ನಮ್ಮ ದಡದ ಕಂಬವನ್ನೇ ನೋಡುತ್ತಾ ನಿಂತೆ. ಕಂಬಳಿ ಏರಬಾರದು ಎಂದು ಒಂದು ಮನಸ್ಸು, ಬೇಗ ಏರಲಿ ಎಂದು ಒಂದು ಮನಸ್ಸು.

ಮೊದಲ ಪಂಕ್ತಿ ಕೂತು ಎಲೆಗೆ ಉಪ್ಪು ಬಿದ್ದಿತ್ತಷ್ಟೇ, ಕಂಬಳಿ ಏರಿತು.

ಇಳಿದು ಓಡಿಬಂದು, "ಸಾಕು ಕೊಟ್ರಕ್ಕ" ಅಂದೆ. ಅವಳು ಹೋಳಿಗೆ ಮಗುಚುತ್ತಿದ್ದಳು. "ಹ್ಞೂಂ ಹ್ಞೂಂ" ಅಂದಳು, ಯಾರೋ ನೆಂಟರು ನಾಚಿಕೆಗೆ ಅಂದ ಹಾಗೆ. "ಸಾಕು!" ಅಂದೆ. "ಇದೊಂದು ಪಂಕ್ತಿ ನನ್ನ ಬಂಗಾರ." ಮೂರನೇ ಸಲ ನಾನು ಅಂದ ರೀತಿಗೆ ಅವಳ ಕೈ ನಿಂತಿತು. ನನ್ನನ್ನು ನೋಡಿದಳು, ಹೊರಗೆ ಕೂತ ಬೀಗರನ್ನು ನೋಡಿದಳು. ದನಿ ತಗ್ಗಿಸಿ, "ಅರ್ಧ ಪಂಕ್ತಿಗೆ ಹೋಳಿಗಿ ಬಡಿಸಿ ಅರ್ಧ ಪಂಕ್ತಿಗೆ ಇಲ್ಲ ಅಂದ್ರ ಬೀಗರು ಎದ್ದು ಹೋಗ್ತಾರ ಹೊನ್ನೂರಿ. ನನ್ನ ಮಗನ ಮದಿವಿ ಮುರೀತೈತಿ. ಒಂದೀಟು ತಡಿ, ನಿನ್ನ ಕಾಲಿಗೆ ಬೀಳ್ತೀನಿ" ಅಂದಳು. ಹೇಳುತ್ತಲೇ ಹಂಚನ್ನು ಕೆಳಗಿಳಿಸಿ ಅಂಟಿದ ಹೂರಣ ಕೆರೆಯತೊಡಗಿದಳು, ಮತ್ತೆ ಏರಿಸಲಿಕ್ಕೆ. ನಾಲ್ಕನೇ ಸಾಕು ಅಂದರೆ ಏನು ಅರ್ಥ ಎಂದು ಆ ಊರಿನಲ್ಲಿ ಯಾರೂ ಹೇಳಿರಲಿಲ್ಲ.

ಉಣ್ಣುವವರಿಗೆ ನಿಜವಾಗಿ ಬೇಡವಾದರೆ ಏನು ಮಾಡುತ್ತಾರೆ? ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿಯುತ್ತಾರೆ. ನೆಂಟರ ಕೈಯ ಮೇಲೆ ಬಿಸಿ ಸಾರು ಸುರಿಯುವ ಮನೆಯೊಡತಿ ಯಾವ ದಡದಲ್ಲೂ ಇಲ್ಲ. ಯೋಚನೆ ಮಾಡಿ ಮಾಡಿದ್ದಲ್ಲ. ತೆರೆದ ಒಲೆಯ ಬಾಯಿಯ ಮೇಲೆ, ಏಳುತ್ತಿದ್ದ ಉರಿಗೆ ಎರಡೂ ಅಂಗೈ ಅಡ್ಡ ಹಿಡಿದೆ. ಒಲೆಯನ್ನು ಮುಟ್ಟಲಿಲ್ಲ, ಕಟ್ಟಳೆ ಮುರಿಯಲಿಲ್ಲ. ಕೊಟ್ರವ್ವ ಕಿಟಾರನೆ ಕಿರುಚಿ ನನ್ನನ್ನು ತಳ್ಳಿ ಮುಚ್ಚಳ ಎಳೆದು ಹಾಕಿದಳು. ಒಲೆ ಆರಿತು. ನನ್ನ ಬೆರಳುಗಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ಲೋಳೆಸರ ಸೀಳಿ ನನ್ನ ಅಂಗೈಗೆ ಸವರಿ ಅವಳೇ ಬಟ್ಟೆ ಸುತ್ತಿದಳು. ಸುತ್ತಿ ಮುಗಿಸಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಂಕ್ತಿಯ ಮುಂದೆ ಹೋಗಿ ನಿಂತಳು. "ಬೀಗರ, ಇವತ್ತಿಗೆ ಹೋಳಿಗಿ ಇಷ್ಟ. ಆ ದಡದಾಗ ಈಕಿ ಕೂಸಿಗೆ ಉಸಿರು ಕಟ್ಟಾಕತ್ತೇತಿ. ಅದರ ಬಿಸಿನ್ಯಾಗ ಬೆಂದ ಸಿಹಿ ನಿಮಗ ಹೆಂಗ ಬಡಿಸ್ಲಿ?" ಹುಡುಗಿಯ ಅಪ್ಪ ಎಲೆ ಬಿಟ್ಟು ಎದ್ದ. "ಪಂಕ್ತಿ ನಡುವ ಒಲಿ ಆರಿಸೋ ಮನಿಗೆ ಹೆಣ್ಣು ಹೆಂಗ ಕೊಡಾದು?" ಬಕ್ಕಪ್ಪ ಅವನ ಹಿಂದೆ ಹಿಂದೆ ಹೋಗಿ ಕೈ ಮುಗಿಯುತ್ತಿದ್ದ. ಕೊಟ್ರವ್ವ ತಿರುಗಿ ಕೂಡ ನೋಡಲಿಲ್ಲ. ಸುಟ್ಟ ಕೈಯವಳನ್ನು ಒಬ್ಬಳನ್ನೇ ಕಳಿಸುವುದಿಲ್ಲ ಎಂದು ನನ್ನ ತೋಳು ಹಿಡಿದು ತಾನೂ ದೋಣಿಯಲ್ಲಿ ಬಂದು ಕೂತಳು. ಹುಟ್ಟಿದಾಗಿನಿಂದ ಹೊಳೆ ದಾಟಿದವಳಲ್ಲ ಅವಳು.

ನಡು ಹೊಳೆಯಲ್ಲಿ ಚಳಿ ಶುರುವಾಗುತ್ತಿತ್ತು, ಗೆರೆ ಎಳೆದ ಹಾಗೆ. ಆ ಗೆರೆ ದಾಟಿದ್ದೇ ಕೊಟ್ರವ್ವ ರೇಷ್ಮೆ ಸೀರೆಯ ಸೆರಗನ್ನು ತಲೆಗೆ, ಕಿವಿಗೆ, ಬಾಯಿಗೆ ಸುತ್ತಿಕೊಂಡಳು. ಜೀವಮಾನವಿಡೀ ಭಟ್ಟಿಯ ಪಕ್ಕ ಬೆವರಿದ ಮೈ ಅದು, ಚಳಿ ಎಂದರೆ ಬರಿ ಮಾತು ಎಂದು ತಿಳಿದಿದ್ದ ಮೈ. "ಯವ್ವಾ ಯವ್ವಾ" ಎಂದು ಗೊಣಗುತ್ತಾ ದಡ ಹತ್ತಿದಳು.

ಮನೆಯಲ್ಲಿ ಮಾಳಿ ನೀಲಿ ತುಟಿ ಮಾಡಿಕೊಂಡು ಅತ್ತೆಯ ಮಡಿಲಲ್ಲಿ ಮಲಗಿತ್ತು. ನನ್ನನ್ನು ಕಂಡು ಕೈ ಚಾಚಿತು, ನನ್ನ ಕೈಗೆ ಎತ್ತಿಕೊಳ್ಳಲು ಬಲವಿಲ್ಲ. ಕೊಟ್ರವ್ವನೇ ಎತ್ತಿಕೊಂಡಳು. ಅವಳ ಮೈಯಲ್ಲಿ ಇನ್ನೂ ಭಟ್ಟಿಯ ಕಾವಿತ್ತು. ಕೂಸು ಅವಳ ಕೊರಳಿಗೆ ಮುಖ ಒತ್ತಿ, ತಾಯಿಯನ್ನೂ ಮರೆತು, ಅಲ್ಲೇ ಅಂಟಿಕೊಂಡಿತು. ಕೊಟ್ರವ್ವ ಗೋಡೆಗೆ ಒರಗಿ ಕೂತು ಅದರ ಕಾಲನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. "ಮೂಳಿ ನಾನು, ಮೂಳಿ. ಇದರ ಕಾವು ಕದ್ದು ಮಂಡಕ್ಕಿ ಹುರಿದ್ನೆಲ್ಲವಾ" ಎಂದು ಅಳುತ್ತಲೇ ಇದ್ದಳು. ಅತ್ತೆ ಅವಳಿಗೆ ತನ್ನದೊಂದು ನೂಲಿನ ಸೀರೆ ಉಡಿಸಿ, ಇದ್ದಬದ್ದ ಕೌದಿಗಳನ್ನೆಲ್ಲ ಹೊದಿಸಿದಳು. ಒಲೆ ಆರಿದ್ದರಿಂದ ಚಳಿ ಮೆಲ್ಲಮೆಲ್ಲಗೆ ಇಳಿಯಿತು. ಬೆಳಗಾಗುವಷ್ಟರಲ್ಲಿ ಮಾಳಿಯ ಉಸಿರು ಹಗುರವಾಗಿತ್ತು, ಒಂದು ಗುಟುಕು ಗಂಜಿ ಕುಡಿಯಿತು. ಗೆದ್ದೆವು ಅಂದುಕೊಂಡೆವು.

ಸೂರ್ಯ ಏಳುವ ಹೊತ್ತಿಗೆ ಮತ್ತೆ ಚಳಿ ಬಿತ್ತು. ಸುರಿಯಿತು ಅನ್ನಬೇಕು. ಮಾಳಿಯ ಎದೆ ಮತ್ತೆ ಗೊರಗೊರ. ಕೊಟ್ರವ್ವ ಕೂಸನ್ನು ಅತ್ತೆಗೆ ಕೊಟ್ಟು ಬಾಗಿಲು ತೆಗೆದು ದಡಕ್ಕೆ ಓಡಿದಳು, ಹಿಂದೆ ನಾನು. ಆಚೆ ದಡದಲ್ಲಿ ಅವಳ ಮನೆಯ ಮಾಳಿಗೆಯ ಮೇಲೆ ಗಾಳಿ ಝಳಕ್ಕೆ ನಡುಗುತ್ತಿತ್ತು. ಮುನಿದ ಬೀಗರು ಊರು ಬಿಟ್ಟಿರಲಿಲ್ಲ. ಅವರನ್ನು ಒಲಿಸಿಕೊಳ್ಳಲು ಬಕ್ಕಪ್ಪ ನಾಷ್ಟಾಕ್ಕೆಂದು ಒಲೆ ಹೊತ್ತಿಸಿದ್ದ. ನೆಂಟಳು ಮನೆಯಲ್ಲಿಲ್ಲ, ಸಾಕು ಅನ್ನುವವರಿಲ್ಲ.

"ಹಲ್ಕಟ್ ಹಾಟ್ಯಾ!" ಎಂದು ಕೊಟ್ರವ್ವ ಹೊಳೆಯ ಇತ್ತಣಿಂದ ಮಗನನ್ನು ಬೈದಳು. ಕಂಬದ ಬುಡದಲ್ಲಿ ಕರಿಕಂಬಳಿ ನೀರುಂಡು ಹಲಗೆಯ ಹಾಗೆ ಸೆಟೆದಿತ್ತು, ಬಿಚ್ಚಲು ಬರಲಿಲ್ಲ. ಏರಿಸಿದ್ದರೂ ಆ ಮನೆಯಲ್ಲಿ ನೋಡುವವರು ಯಾರು? ಅವಳು ಒಳಗೆ ಓಡಿ ಹೋಗಿ ತನ್ನ ಅರಿಶಿನ ಬಣ್ಣದ ರೇಷ್ಮೆ ಸೀರೆಯನ್ನು ತಂದಳು. ಹಗ್ಗಕ್ಕೆ ಗಂಟು ಹಾಕಿ ಎಳೆದಳು. ಮಂಜಿನ ಮೇಲೆ ಸೀರೆ ಉದ್ದಕ್ಕೆ ಬಿಚ್ಚಿ ಹಾರಾಡಿತು. ಮಾನದ ಸೀರೆ, ಬೀಗರ ಎದುರಿಗೆಂದು ಉಟ್ಟ ಸೀರೆ, ಈಗ ಬೀಗರ ಎದುರಿಗೇ ಕಂಬ ಹತ್ತಿತ್ತು. "ಸಾಕೋ ಬಕ್ಕಪ್ಪಾ! ಸಾಕೋ ನನ್ನಪ್ಪಾ!" ಎಂದು ಕೂಗಿದಳು. ಎಷ್ಟು ಸಲ ಕೂಗಿದಳೋ ಯಾರು ಎಣಿಸಿದರು. ಧ್ವನಿ ಹೊಳೆಯ ಅರ್ಧಕ್ಕೂ ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಆಮೇಲೆ ಆದದ್ದನ್ನು ಐದೂರಿನ ಜನ ಹೇಗೆ ಬೇಕೋ ಹಾಗೆ ಹೇಳುತ್ತಾರೆ. ಒಲೆಯ ಒಡೆಯರೇ ಚಳಿಯ ದಡದಲ್ಲಿ ಒಂದೊಂದು ಚಳಿಗಾಲ ಇದ್ದು ಬರಬೇಕು ಎಂದು ನಡುಗಡ್ಡೆಯಲ್ಲಿ ಕಟ್ಟಳೆಯಾಯಿತು, ಹಾಗೆ ಇದ್ದು ಹೋದವರು ಒಬ್ಬೊಬ್ಬರಾಗಿ ಮುಚ್ಚಳಕ್ಕೆ ಮಣ್ಣು ಮೆತ್ತಿದರು, ಸೌದೆ ಮತ್ತೆ ಬಂತು, ಹೊಗೆಯೂ ಬಂತು. ನಮ್ಮತ್ತೆ ಹಳೆಯ ಒಲೆಯ ಮುಂದೆ ಕೂತು ಕಣ್ಣು ಉಜ್ಜುವಾಗ ನನಗೆ ಸಂಕಟವಾಗುತ್ತಿತ್ತು. ಬಕ್ಕಪ್ಪನಿಗೆ ಆ ಹೆಣ್ಣು ಸಿಗಲಿಲ್ಲ, ಎರಡು ವರ್ಷದ ಮೇಲೆ ಬೇರೆ ಸಂಬಂಧವಾಯಿತು. ಆಚೆ ದಡದಲ್ಲಿ ಈಗ ಎಲೆಗೂ ಒಂದೇ ಸಾಕಿಗೆ ಸೌಟು ನಿಲ್ಲುತ್ತದಂತೆ. ಕೊಟ್ರವ್ವ ಹೋಗಿ ಎಷ್ಟೋ ಕಾಲವಾಯಿತು. ಆದರೆ ಅವಳನ್ನು ನೆನೆದರೆ ನನಗೆ ಕಾಣುವುದು ಭಟ್ಟಿಯಲ್ಲ, ಆ ಬೆಳಗು.

ಸೀರೆಯನ್ನು ಬಕ್ಕಪ್ಪ ಕಂಡ. ಅವ್ವನ ಮದುವೆ ಸೀರೆಯನ್ನು ಯಾವ ಮಗ ಗುರುತಿಸುವುದಿಲ್ಲ? ಮಾಳಿಗೆಯ ಮೇಲಿನ ನಡುಕ ತಟ್ಟನೆ ನಿಂತಿತು, ಗಾಳಿ ಸಪಾಟಾಯಿತು. ಕೊಟ್ರವ್ವ ಹಗ್ಗ ಬಿಡದೆ ಅಲ್ಲೇ ನಿಂತಿದ್ದಳು. ಅತ್ತೆಯ ಗಿಡ್ಡ ಸೀರೆಯಲ್ಲಿ ಅವಳ ಮೀನಖಂಡದವರೆಗೆ ಬರಿಗಾಲು, ಮೈಯೆಲ್ಲ ಗಡಗಡ, ಹಲ್ಲು ಕಟಕಟ. ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿಲ್ಲ, ನಿಜವಾದ ಆಶ್ಚರ್ಯ.

"ಇಷ್ಟು ಚಳಿ ಅಂತ ನೀ ಒಂದಿನಾನೂ ಹೇಳಲಿಲ್ಲಲ್ಲ ಹೊನ್ನೂರಿ?"

ಮೂರು ಚಳಿಗಾಲ ನಾನು ಅವಳಿಗೆ ಬೇರೆ ಏನು ಹೇಳಿದ್ದೆ? ಅದೊಂದನ್ನೇ. ಬಟ್ಟೆ ಸುತ್ತಿದ ಕೈಯಲ್ಲಿ ಅವಳ ತೋಳನ್ನು ತಬ್ಬಿ, "ಒಳಗ ಬಾ ಕೊಟ್ರಕ್ಕ, ಮಾಳಿ ನಿನ್ನ ಕೇಳಾಕತ್ತಾಳ" ಅಂದೆ.